ಅರಸೀಕೆರೆಯಿಂದ ಬೇಲೂರಿಗೆ ಒಂದು ಹಳೇ ಯೆಜ್ಡಿ

ಹೊಸ ಬೈಕ್ ತಗೊಂಡ್ರೆ ಶೋರೂಮಿನವರು ಹಾರ ಹಾಕಿ, ಫೋಟೋ ತೆಗೆದು ಕಳಿಸ್ತಾರೆ. ಸೆಕೆಂಡ್ ಹ್ಯಾಂಡ್ ಗಾಡಿಗೆ ಆ ಮರ್ಯಾದೆ ಇಲ್ಲ, ಆದ್ರೆ ಖುಷಿ ಏನೂ ಕಮ್ಮಿ ಇರಲ್ಲ. ಕಳೆದ ರಜೆಯಲ್ಲಿ ಅರಸೀಕೆರೆಯ ಹಿರಿಯರೊಬ್ಬರಿಂದ ಯೆಜ್ಡಿ ರೋಡ್‌ಕಿಂಗ್ ಕೊಂಡು, ಜಾವಗಲ್, ಹಳೇಬೀಡು ಮೇಲೆ ಬೇಲೂರಿನ ನಮ್ಮ ಮನೆಗೆ ಓಡಿಸ್ಕೊಂಡು ಬಂದೆ. ಹಳೇ ಬೈಕ್ ಮೇಲೆ ಕಣ್ಣಿಟ್ಟಿರೋ ಗೆಳೆಯರಿಗಾಗಿ ಇದನ್ನ ಬರೀತಿದ್ದೀನಿ.

ಯೆಜ್ಡಿ ಮೈಸೂರಿನ ಕೂಸು. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ಗಾಡಿಗಳು ತಯಾರಾದವು, ಆಮೇಲೆ ಯೆಜ್ಡಿ ಹೆಸರು ಬಂತು, 1996ರಲ್ಲಿ ಬಾಗಿಲು ಮುಚ್ಚಿತು. ಅಂದ್ರೆ ಈ ಕಾರ್ಖಾನೆಯ ಕೊನೆಯ ರೋಡ್‌ಕಿಂಗ್ ಕೂಡ ನಮಗಿಂತ ಹಿರಿದು. ಇದರಲ್ಲಿ ಗೇರ್ ಲಿವರ್ರೇ ಕಿಕ್ಕರ್ ಕೂಡ. ಒಳಗೆ ಒತ್ತಿ ತಿರುಗಿಸಿದ್ರೆ ಕಿಕ್ ಹೊಡೀಬಹುದು. ನನಗೆ ಇದು ಗೊತ್ತಾಗೋ ಹೊತ್ತಿಗೆ ಸುತ್ತ ನಿಂತವರೆಲ್ಲ ನಕ್ಕು ಆಗಿತ್ತು.

ಮೊದಲ ಪಾಠ ಪೆಟ್ರೋಲ್ ಬಂಕಲ್ಲೇ ಆಯ್ತು. ಖುಷೀಲಿ ಎರಡು ಲೀಟರ್ ಹಾಕಿಸಿ ಹೊರಟೇಬಿಟ್ಟೆ, ಆಯಿಲ್ ಮರೆತೆ. ಫೋರ್ ಸ್ಟ್ರೋಕ್ ಇಂಜಿನ್ನಲ್ಲಿ ಆಯಿಲ್ ಕೆಳಗಿನ ಸಂಪ್‌ನಲ್ಲಿರುತ್ತೆ. ಟೂ ಸ್ಟ್ರೋಕಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಕ್ರ್ಯಾಂಕ್‌ಕೇಸ್ ಮೂಲಕವೇ ಮೇಲೆ ಹೋಗೋದ್ರಿಂದ ಅಲ್ಲಿ ಆಯಿಲ್ ತುಂಬಿಡೋಕೆ ಆಗಲ್ಲ. ಯೆಜ್ಡಿಯಲ್ಲಿ ಪೆಟ್ರೋಲಿಗೇ ಬೆರೆಸಬೇಕು. ಆಯಿಲ್ ಸಾಲದಿದ್ರೆ ಪಿಸ್ಟನ್ ಬಿಸಿಯಾಗಿ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತೆ. ಮೆಕ್ಯಾನಿಕ್‌ಗಳು ‘ಸೀಜ್ ಆಯ್ತು’ ಅನ್ನೋದು ಇದಕ್ಕೇ. ಜಾವಗಲ್ ಹತ್ತಿರ ಗಾಡಿ ಎಳೆಯೋದು ಕಮ್ಮಿಯಾಗಿ, ಯಾರೋ ಹಿಂದಿನಿಂದ ಹಿಡಿದ ಹಾಗಾಯ್ತು. ತಕ್ಷಣ ಕ್ಲಚ್ ಒತ್ತಿ ಪಕ್ಕಕ್ಕೆ ತಂದೆ. ಓಡ್ತಿರುವಾಗ ಪೂರ್ತಿ ಕಚ್ಚಿಕೊಂಡಿದ್ರೆ ಹಿಂದಿನ ಚಕ್ರವೇ ಲಾಕ್ ಆಗಿ ನಾನು ರೋಡಲ್ಲಿರ್ತಿದ್ದೆ. ಅರ್ಧ ಗಂಟೆ ಆರಲು ಬಿಟ್ಟು, ಅಲ್ಲಿನ ಗ್ಯಾರೇಜಿಂದ ಆಯಿಲ್ ತಂದು ಹಾಕಿದೆ. ಗ್ಯಾರೇಜಿನ ಅಣ್ಣ ಇನ್ನೊಂದು ಮಾತೂ ಹೇಳಿದ್ರು: ಉದ್ದ ಇಳಿಜಾರಲ್ಲಿ ಥ್ರಾಟಲ್ ಪೂರ್ತಿ ಮುಚ್ಚಿ ಇಂಜಿನ್ ಬ್ರೇಕ್ ಮೇಲೇ ಇಳೀಬೇಡ, ಪೆಟ್ರೋಲ್ ನಿಂತ್ರೆ ಆಯಿಲೂ ನಿಲ್ಲುತ್ತೆ.

ಹಳೇಬೀಡಲ್ಲಿ ಹೊಯ್ಸಳೇಶ್ವರನಿಗೆ ಕೈಮುಗಿದು ಕೂತಾಗ ಬೇಲೂರಿಂದ ಮಾವನ ಫೋನ್. “ಗಾಡಿ ಇರ್ಲಿ, ಕಾಗದ ನೋಡಿದ್ಯೇನೋ?” ಅಂದ್ರು. ನೋಡಿದ್ದೆ, ಪುಣ್ಯ. ನೀವೂ ದುಡ್ಡು ಕೊಡೋ ಮುಂಚೆ ಇಷ್ಟು ನೋಡಿ:

ಆರ್‌ಸಿಯಲ್ಲಿರೋ ಚಾಸಿಸ್, ಇಂಜಿನ್ ನಂಬರುಗಳು ಗಾಡಿ ಮೇಲಿನವಕ್ಕೆ ತಾಳೆಯಾಗ್ಬೇಕು. ಹದಿನೈದು ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಆಗಿರ್ಬೇಕು. ಸಾಲ ಇದ್ರೆ ತೀರಿಸಿದ ಪತ್ರ ಬೇಕು. ಇನ್ಶೂರೆನ್ಸ್ ಚಾಲ್ತಿಯಲ್ಲಿರ್ಬೇಕು, ಅದನ್ನೂ ನಿಮ್ಮ ಹೆಸರಿಗೆ ಮಾಡಿಸ್ಕೋಬೇಕು. ಫಾರಂ 29 ಮತ್ತು 30ಕ್ಕೆ ಇಬ್ಬರೂ ಸಹಿ ಹಾಕ್ಬೇಕು. ರಾಜ್ಯದೊಳಗಿನ ಮಾರಾಟವಾದ್ರೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಓಗೆ ತಿಳಿಸ್ಬೇಕು.

“ಆಮೇಲೆ ಮಾಡಿಸೋಣ” ಅನ್ನಬೇಡಿ. ಅಪಘಾತದ ಪರಿಹಾರದ ವಿಷಯದಲ್ಲಿ, ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ನಾನು ಎಲ್ಲಾದ್ರೂ ಗುದ್ದಿದ್ರೆ ಕೋರ್ಟ್ ನೋಟಿಸ್ ಹೋಗೋದು ಅರಸೀಕೆರೆಯ ಆ ಹಿರಿಯರ ಮನೆಗೆ. ಬೀಗದ ಕೈ ಕೊಡುವಾಗ ಅವರು ಟ್ಯಾಂಕ್ ಸವರಿ, “ಹುಷಾರಾಗಿ ನೋಡ್ಕೋ ಮಗಾ” ಅಂದಿದ್ರು.

ಸಂಜೆ ಬೇಲೂರು ಮುಟ್ಟಿದಾಗ ಅಮ್ಮ ಚಕ್ರದ ಕೆಳಗೆ ನಿಂಬೆಹಣ್ಣಿಟ್ರು. ಸೋಮವಾರ ಬೆಳಿಗ್ಗೆ ಮೊದಲ ರೈಡ್ ಹೋಗಿದ್ದು ಹಾಸನದ ಆರ್‌ಟಿಓ ಆಫೀಸಿಗೆ, ಪೆಟ್ರೋಲಿಗೆ ಆಯಿಲ್ ಬೆರೆಸ್ಕೊಂಡೇ.