ನೆಗೆಟಿವ್ ಅಂದ್ರೆ ನಿರಾಳವೂ ಅಲ್ಲ, ನಿರಾಶೆಯೂ ಅಲ್ಲ

ಕೊರೊನಾ ಕಾಲ ನಮಗೆಲ್ಲ ಒಂದು ಪದ ಕಲಿಸಿ ಹೋಯ್ತು: ನೆಗೆಟಿವ್. ರಿಪೋರ್ಟ್ ನೆಗೆಟಿವ್ ಬಂತು ಅಂದ್ರೆ ಮನೆಯಲ್ಲಿ ಹಬ್ಬ. ಆದರೆ ಸ್ತನ ಕ್ಯಾನ್ಸರ್‌ನ ಬಯಾಪ್ಸಿ ರಿಪೋರ್ಟಿನಲ್ಲಿ ಕೆಲವೊಮ್ಮೆ ಒಂದು ಸಾಲು ಇರುತ್ತೆ: 'ಇ-ಕ್ಯಾಡ್ಹೆರಿನ್ ನೆಗೆಟಿವ್'. ಅದನ್ನು ಓದಿ ಕೆಲವರು 'ಸದ್ಯ, ಏನೂ ಇಲ್ಲ' ಅಂತ ನಿರಾಳವಾಗ್ತಾರೆ. ಇನ್ನು ಕೆಲವರು ಮೊಬೈಲಿನಲ್ಲಿ ಹುಡುಕಿ, 'ಕ್ಯಾನ್ಸರ್ ಹರಡುವ ಲಕ್ಷಣ' ಅಂತ ಓದಿ ಕುಸಿದು ಕೂರ್ತಾರೆ. ಎರಡೂ ಸರಿಯಲ್ಲ. ಹಾಗಾದ್ರೆ ಆ ಸಾಲು ಹೇಳೋದೇನು?

ನಾನು ಓದಿದ್ದು ಇಂಜಿನಿಯರಿಂಗ್. ಹಾಗಾಗಿ ನಟ್ಟು-ಬೋಲ್ಟಿನ ಲೆಕ್ಕದಲ್ಲೇ ಹೇಳ್ತೀನಿ. ಜಠರದ ಒಳಪದರ, ಎದೆಹಾಲಿನ ನಾಳಗಳ ಒಳಗೋಡೆ, ಇವೆಲ್ಲ ಒತ್ತೊತ್ತಾಗಿ ನಿಂತ ಜೀವಕೋಶಗಳು. ಅಕ್ಕಪಕ್ಕದ ಕೋಶಗಳನ್ನು ಬಿಗಿಯಾಗಿ ಜೋಡಿಸಿಡುವ ಪ್ರೋಟೀನುಗಳಲ್ಲಿ ಇ-ಕ್ಯಾಡ್ಹೆರಿನ್ ಮುಖ್ಯವಾದದ್ದು. ಈ ಕೋಶದಿಂದ ಒಂದು ಕೈ, ಆ ಕೋಶದಿಂದ ಒಂದು ಕೈ. ಹಿಡಿತ ಬಿಗಿಯಾಗಿರೋಕೆ ಕ್ಯಾಲ್ಸಿಯಂ ಬೇಕು. ಜಪಾನಿನ ವಿಜ್ಞಾನಿ ಮಸಾತೋಶಿ ತಾಕೇಯಿಚಿ ಇದನ್ನು ಪತ್ತೆಹಚ್ಚಿ, 1980ರ ದಶಕದಲ್ಲಿ ಕ್ಯಾಡ್ಹೆರಿನ್ ಅಂತ ಹೆಸರಿಟ್ಟರು.

ಲ್ಯಾಬಿನಲ್ಲಿ ಗಡ್ಡೆಯ ತೆಳುವಾದ ಚೂರಿಗೆ ಬಣ್ಣ ಹಾಕಿ ಈ ಪ್ರೋಟೀನ್ ಇದೆಯಾ ಅಂತ ನೋಡ್ತಾರೆ. ಹೆಚ್ಚು ಜನರಲ್ಲಿ ಕಾಣುವ ಡಕ್ಟಲ್ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಕೋಶಗಳ ಅಂಚು ಕಂದು ಬಣ್ಣಕ್ಕೆ ತಿರುಗುತ್ತೆ. ನೂರಕ್ಕೆ 10ರಿಂದ 15 ಜನರಲ್ಲಿ ಕಾಣುವ ಲೋಬ್ಯುಲರ್ ಕ್ಯಾನ್ಸರಿನಲ್ಲಿ ಬಹುಪಾಲು ಬಣ್ಣವೇ ಬರೋದಿಲ್ಲ. ಹಿಡಿತವಿಲ್ಲದ ಕೋಶಗಳು ಇರುವೆ ಸಾಲಿನಂತೆ ಒಂದರ ಹಿಂದೊಂದು ಸಾಗುತ್ತವೆ. ಅದಕ್ಕೇ ಎಷ್ಟೋ ಸಲ ಕೈಗೆ ಗಂಟು ಸಿಗೋದಿಲ್ಲ, ಮ್ಯಾಮೊಗ್ರಾಮಿನಲ್ಲೂ ತಪ್ಪಿಸಿಕೊಳ್ಳಬಹುದು. ಗಂಟಿಲ್ಲ ಅಂತ ಸುಮ್ಮನಿರಬೇಡಿ. ಸ್ತನದ ಒಂದು ಭಾಗ ದಪ್ಪಗಾದ್ರೆ, ತೊಟ್ಟು ಒಳಗೆ ಸೇರಿಕೊಂಡ್ರೆ ತೋರಿಸಿಕೊಳ್ಳಿ.

ಸರಿ, ಬೋಲ್ಟ್ ಕಳಚಿತು ಅಂದ ಮೇಲೆ ಕ್ಯಾನ್ಸರ್ ಬೇಗ ಹರಡಲೇಬೇಕಲ್ವಾ? ಬಹಳ ಕಾಲ ಇದೇ ವಾದ ಬಲವಾಗಿತ್ತು. ಆದರೆ ಡಕ್ಟಲ್ ಕ್ಯಾನ್ಸರ್ ಇ-ಕ್ಯಾಡ್ಹೆರಿನ್ ಇದ್ದುಕೊಂಡೇ ಹರಡೋದನ್ನು ವೈದ್ಯರು ನೋಡ್ತಾನೇ ಇದ್ದರು. 2019ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಜ್ಞಾನಿಗಳು ನೇಚರ್ ಪತ್ರಿಕೆಯಲ್ಲಿ ಇಲಿಗಳ ಮೇಲಿನ ಪ್ರಯೋಗ ಪ್ರಕಟಿಸಿದರು. ಆ ಗಡ್ಡೆಗಳಲ್ಲಿ ಇ-ಕ್ಯಾಡ್ಹೆರಿನ್ ತೆಗೆದಾಗ ಕೋಶಗಳು ಹೆಚ್ಚಾಗಿ ಕಳಚಿಕೊಂಡು ಹೊರಟವು ನಿಜ, ಆದರೆ ಹೆಚ್ಚಿನವು ಬದುಕಿ ಉಳಿಯಲಿಲ್ಲ. ಬೇರೆ ಅಂಗದಲ್ಲಿ ಬೇರೂರಿದ್ದು ಕಡಿಮೆ.

ಅಂದ್ರೆ ಸ್ತನ ಕ್ಯಾನ್ಸರಿನಲ್ಲಿ ಈ ಸಾಲು ಮುಖ್ಯವಾಗಿ ರೋಗದ ಗುರುತಿನ ಚೀಟಿ, ರೋಗಿಯ ಮೇಲಿನ ತೀರ್ಪಲ್ಲ. ತೀರ್ಪಿಗೆ ಹತ್ತಿರದ ಮಾಹಿತಿ ಬೇರೆ ಸಾಲುಗಳಲ್ಲಿರುತ್ತೆ: ಗಡ್ಡೆಯ ಗಾತ್ರ, ಕಂಕುಳಿನ ದುಗ್ಧಗ್ರಂಥಿಗೆ ತಲುಪಿದೆಯಾ, ಹಾರ್ಮೋನ್ ರಿಸೆಪ್ಟರ್ ಇದೆಯಾ. ಲೋಬ್ಯುಲರ್ ಕ್ಯಾನ್ಸರಿನಲ್ಲಿ ಹೆಚ್ಚಿನವರಿಗೆ ಈ ರಿಸೆಪ್ಟರ್ ಇರುತ್ತೆ. ಅಂಥವರಿಗೆ ಹಾರ್ಮೋನ್ ತಡೆಯುವ ಮಾತ್ರೆ ಕೆಲಸ ಮಾಡುತ್ತೆ.

'ಇದು ಮಕ್ಕಳಿಗೂ ಬರುತ್ತಾ?' ಅನ್ನೋ ಭಯ ಸಹಜ. ಹೆಚ್ಚಿನವರಲ್ಲಿ ಈ ಬದಲಾವಣೆ ಆಗಿರೋದು ಗಡ್ಡೆಯೊಳಗೆ ಮಾತ್ರ. ಅಪರೂಪಕ್ಕೆ ಇದರ ವಂಶವಾಹಿ, ಸಿಡಿಎಚ್1, ಹುಟ್ಟಿನಿಂದಲೇ ಕೆಟ್ಟಿರುತ್ತೆ. ತಲೆಮಾರುಗಳಿಂದ ಹೊಟ್ಟೆಯ ಕ್ಯಾನ್ಸರಿಗೆ ಜನರನ್ನು ಕಳೆದುಕೊಂಡಿದ್ದ ನ್ಯೂಜಿಲೆಂಡಿನ ಒಂದು ಮಾವೋರಿ ಕುಟುಂಬದಲ್ಲಿ ಇದು 1998ರಲ್ಲಿ ಗೊತ್ತಾಯ್ತು. ನಿಮ್ಮ ಮನೆಯಲ್ಲೂ ಹಲವರಿಗೆ ಹೊಟ್ಟೆಯ ಅಥವಾ ಲೋಬ್ಯುಲರ್ ಸ್ತನ ಕ್ಯಾನ್ಸರ್ ಬಂದಿದ್ರೆ, ವಂಶವಾಹಿ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಿ.

ರಿಪೋರ್ಟ್ ಕೈಗೆ ಬಂದ ರಾತ್ರಿ ಮೊಬೈಲ್ ಪಕ್ಕಕ್ಕಿಡಿ. ಬೆಳಗ್ಗೆ ಡಾಕ್ಟರಿಗೆ ಮೂರು ಪ್ರಶ್ನೆ ಕೇಳಿ. ಇದು ಯಾವ ಬಗೆ? ಎಷ್ಟು ದೂರ ಹೋಗಿದೆ? ಇದಕ್ಕೆ ಯಾವ ಔಷಧಿ ಕೆಲಸ ಮಾಡುತ್ತೆ? ಚಿಕಿತ್ಸೆ ತೀರ್ಮಾನವಾಗೋದು ಈ ಮೂರು ಉತ್ತರಗಳ ಮೇಲೆ.