ಕವರಿನೊಳಗಿನ ನೀರು ಎಲ್ಲಿಂದ ಬಂತು?

ಗುಡೇಮಾರನಹಳ್ಳಿಯಲ್ಲಿ ಅಭ್ಯಾಸ ಬೋಧನೆಗೆ ಹೋಗಿದ್ದಾಗ ಏಳನೇ ತರಗತಿಯ ಬಾಷ್ಪವಿಸರ್ಜನೆ ಪಾಠ ನನ್ನ ಪಾಲಿಗೆ ಬಂತು. ಬೆಳಗ್ಗೆ ಪ್ರಾರ್ಥನೆಗೆ ಮೊದಲೇ ಅಂಗಳದ ದಾಸವಾಳದ ಕೊಂಬೆಗೆ ಪ್ಲಾಸ್ಟಿಕ್ ಕವರ್ ಕಟ್ಟಿದ್ದೆ. ಮೂರನೇ ಪಿರಿಯಡ್‌ನಲ್ಲಿ ಮಕ್ಕಳಿಗೆ ಕವರಿನೊಳಗಿನ ಹನಿಗಳನ್ನು ತೋರಿಸಿ, "ಈ ನೀರು ಎಲ್ಲಿಂದ ಬಂತು?" ಎಂದೆ. "ಎಲೆಯಿಂದ" ಎಂಬ ಉತ್ತರ ಪಾಠಯೋಜನೆಯಲ್ಲಿ ಆಗಲೇ ಬರೆದಿತ್ತು. ಹಿಂದೆ ನಿಂತಿದ್ದ ಹುಡುಗಿಯೊಬ್ಬಳು, "ಅದು ಮಂಜು ಮಿಸ್. ನೀವು ಕಟ್ಟುವಾಗಲೇ ಎಲೆ ಒದ್ದೆಯಾಗಿತ್ತು" ಅಂದಳು. ಒದ್ದೆಯಾಗಿದ್ದದ್ದು ನಿಜ. ಪುಸ್ತಕದಲ್ಲಿ ಹೀಗೇ ಇದೆ ಎಂದು ಹೇಳಿ ಮುಂದಕ್ಕೆ ಹೋದೆ. ಆ ಉತ್ತರ ನನಗೇ ಒಪ್ಪಿಗೆಯಾಗಲಿಲ್ಲ.

ಮರುದಿನ ಇಬ್ಬನಿ ಆರಿದ ಮೇಲೆ ಎಲೆಗಳನ್ನು ಒರೆಸಿ ಎರಡು ಕವರ್ ಕಟ್ಟಿದೆವು. ಒಂದು ಎಲೆಯಿರುವ ಕೊಂಬೆಗೆ, ಇನ್ನೊಂದು ಎಲೆ ಕಿತ್ತ ಕೊಂಬೆಗೆ. ಕಟ್ಟಿದವಳು ಅದೇ ಹುಡುಗಿ. ಊಟದ ಬಿಡುವಿನಲ್ಲಿ ನೋಡಿದರೆ ಮೊದಲನೆಯದರಲ್ಲಿ ಹನಿ ಇಳಿಯುತ್ತಿತ್ತು, ಎರಡನೆಯದು ಹೆಚ್ಚುಕಡಿಮೆ ಒಣಗಿತ್ತು. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ 1727ರಲ್ಲಿ ಪ್ರಕಟಿಸಿದ ಪುಸ್ತಕದಲ್ಲೂ ಎಲೆಯಿರುವ ಮತ್ತು ಎಲೆ ಕಿತ್ತ ಕೊಂಬೆಗಳ ಹೋಲಿಕೆ ಇದೆ. ಎಲೆಯಿದ್ದ ಕೊಂಬೆಯೇ ಬಹಳ ಹೆಚ್ಚು ನೀರು ಹೀರಿತ್ತು.

ಇಲ್ಲಿ ಇನ್ನೊಂದು ತಪ್ಪನ್ನೂ ತಿದ್ದಿಕೊಂಡೆ. "ಎಲೆ ಬೆವರುತ್ತದೆ" ಎಂದು ಹೇಳಿಕೊಡುವುದು ನಮಗೆಲ್ಲ ರೂಢಿ. ಆದರೆ ಎಲೆಯಿಂದ ಹೊರಬರುವುದು ಆವಿ. ಅದು ಹನಿಯಾಗುವುದು ಕವರಿಗೆ ತಗುಲಿದ ಮೇಲೆ. ಕಾರ್ಬನ್ ಡೈಆಕ್ಸೈಡ್ ಒಳಬರಲು ಪತ್ರರಂಧ್ರ ತೆರೆಯಲೇಬೇಕು, ತೆರೆದಾಗ ಒಳಗಿನ ಆವಿ ಹೊರಹೋಗುತ್ತದೆ. ಬೇರು ಹೀರಿದ ನೀರಿನಲ್ಲಿ ಸಾಮಾನ್ಯವಾಗಿ ಶೇ. 95ಕ್ಕಿಂತ ಹೆಚ್ಚು ಹೀಗೆ ಹೋಗುತ್ತದೆ. ಅದು ಪೂರ್ತಿ ನಷ್ಟವೇನಲ್ಲ: ಎಲೆ ತಂಪಾಗುತ್ತದೆ, ಹೋದ ನೀರಿನ ಎಳೆತಕ್ಕೆ ಕ್ಸೈಲಮ್ ನಾಳಗಳಲ್ಲಿ ಕೆಳಗಿನ ನೀರು ಮೇಲೇರುತ್ತದೆ.

ಇಷ್ಟು ಹೇಳುವಷ್ಟರಲ್ಲಿ ಆ ಹುಡುಗಿ, "ನಮ್ಮನೇಲಿ ಹುಳುವಿಗೆ ತಂದ ಸೊಪ್ಪಿನ ಮೇಲೆ ಒದ್ದೆ ಗೋಣಿ ಹೊದಿಸ್ತಾರೆ, ಅದಕ್ಕೇನಾ ಮಿಸ್?" ಎಂದು ಕೇಳಿದಳು. ಅದಕ್ಕೇ. ಕಿತ್ತ ಹಿಪ್ಪುನೇರಳೆ ಸೊಪ್ಪಿಗೆ ಬೇರಿನಿಂದ ನೀರು ಬರುವುದು ನಿಂತಿರುತ್ತದೆ, ಆವಿ ಹೋಗುವುದು ನಿಂತಿರುವುದಿಲ್ಲ. ರೇಷ್ಮೆಹುಳು ಬೇರೆ ನೀರು ಕುಡಿಯುವುದಿಲ್ಲ, ಅದಕ್ಕೆ ಬೇಕಾದ ತೇವವೆಲ್ಲ ಎಲೆಯಿಂದಲೇ ಸಿಗಬೇಕು. ಬಾಡಿದ ಸೊಪ್ಪನ್ನು ಅದು ಸರಿಯಾಗಿ ತಿನ್ನುವುದೂ ಇಲ್ಲ. ಒದ್ದೆ ಗೋಣಿಯ ಕೆಳಗೆ ಗಾಳಿಯಲ್ಲೇ ತೇವ ಇರುವುದರಿಂದ ಎಲೆಯ ನೀರು ಬೇಗ ಆರುವುದಿಲ್ಲ.

"ಬಿಸಿಲೇರಿದ ಮೇಲೆ ಸೊಪ್ಪು ಕುಯ್ಯಬೇಡ ಅಂತ ನಮ್ಮಜ್ಜಿ ಬಯ್ಯೋದೂ ಇದಕ್ಕೇ," ಎಂದು ಪಕ್ಕದ ಹುಡುಗ ಸೇರಿಸಿದ.