ನಾನೂರು ಡಾಲರಿನ ರೈಫಲ್ಲು

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ ಜಿಂಕೆ ಬೇಟೆಯ ಋತು ಶುರುವಾಗುತ್ತದೆ. ಒಂಬತ್ತೇ ದಿನ. ಐದು ಲಕ್ಷಕ್ಕೂ ಹೆಚ್ಚು ಮಂದಿ ಪರವಾನಗಿ ಪಡೆದು, ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ ತೊಟ್ಟು, ಬೆಳಕು ಹರಿಯುವ ಮೊದಲೇ ಕಾಡಿನಲ್ಲಿ ಮರಸು ಕೂತಿರುತ್ತಾರೆ. ಪಕ್ಕದ ಮಿಷಿಗನ್‌ನಲ್ಲಿ ನವೆಂಬರ್ 15 ಯಾವ ವಾರ ಬಂದರೂ ಸರಿ, ಅಂದೇ ಮೊದಲ ಈಡು. ಪೆನ್ಸಿಲ್ವೇನಿಯಾದ ಎಷ್ಟೋ ಊರುಗಳಲ್ಲಿ ಬೇಟೆಗೆಂದೇ ಶಾಲೆಗಳಿಗೆ ರಜೆ ಕೊಡುವ ರೂಢಿಯಿದೆ. ಇವರಲ್ಲಿ ಸಿರಿವಂತರು ಕಡಿಮೆ. ಹೈನು ಸಾಕಿದವರು, ಕಾರ್ಖಾನೆಯ ಪಾಳಿ ಕೆಲಸದವರು, ಶಾಲೆಯ ಬಸ್ಸು ಓಡಿಸುವವರು. ಒಂದು ಜಿಂಕೆ ಸಿಕ್ಕರೆ ಚಳಿಗಾಲದ ಬಹುಪಾಲು ಮಾಂಸ ಮನೆಯಲ್ಲೇ ಆಯಿತು. ಇಂಥವರು ಅಂಗಡಿಯ ಕಟ್ಟೆಯ ಮುಂದೆ ನಿಂತು ಯಾವ ರೈಫಲ್ಲು ಕೊಳ್ಳಲಿ ಎಂದು ಕೇಳಿದಾಗ ಅದು ಮನೆಯ ಖರ್ಚಿನ ಪ್ರಶ್ನೆ, ಜೊತೆಗೆ ಒಂದು ಪ್ರಾಣಿ ನರಳದೆ ಸಾಯಬೇಕೆಂಬ ಪ್ರಶ್ನೆ.

ಕನ್ನಡದ ಓದುಗರಿಗೆ ಶಿಕಾರಿ ರೈಫಲ್ಲಿನ ಪರಿಚಯವಾದದ್ದು ಹೆಚ್ಚಾಗಿ ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆ್ಯಂಡರ್ಸನ್ನರ ಕಾಡಿನ ಕತೆಗಳಿಂದ. ಬೆಂಗಳೂರಿನ ಆ್ಯಂಡರ್ಸನ್ ನರಭಕ್ಷಕಗಳ ಹಿಂದೆ ಹೋಗುವಾಗ ಒಯ್ಯುತ್ತಿದ್ದದ್ದು .405 ತೋಟಾದ ವಿಂಚೆಸ್ಟರ್. ಅದೇ ಕಾಲದ ಮಹಾರಾಜರು, ದೊಡ್ಡ ಸಾಹೇಬರು ಲಂಡನ್ನಿನ ಕುಶಲಕರ್ಮಿಗಳಿಂದ ಜೋಡುನಳಿಗೆಯ ರೈಫಲ್ಲುಗಳನ್ನು ಅಳತೆ ಕೊಟ್ಟು ಮಾಡಿಸಿಕೊಳ್ಳುತ್ತಿದ್ದರು. ಆ್ಯಂಡರ್ಸನ್ನರದು ಅಮೆರಿಕದ ಕಾರ್ಖಾನೆಯಲ್ಲಿ ಸಾಲುಸಾಲಾಗಿ ತಯಾರಾದ ಸರಕು. ಆ ವ್ಯತ್ಯಾಸ ಕತೆ ಓದುವಾಗ ನಮ್ಮ ಗಮನಕ್ಕೆ ಬರುವುದಿಲ್ಲ. ಆದರೆ ಅಗ್ಗದ ರೈಫಲ್ಲಿನ ಇತಿಹಾಸವೆಲ್ಲ ಇರುವುದು ಅಲ್ಲೇ.

ಸಾಮಾನ್ಯನ ಕೈಗೆ ಮೊದಲು ಸಿಕ್ಕ ಒಳ್ಳೆಯ ರೈಫಲ್ಲು ಎಂದರೆ ಜಾನ್ ಬ್ರೌನಿಂಗ್ ರೂಪಿಸಿದ 1894ರ ವಿಂಚೆಸ್ಟರ್. ಕೆಳಗಿನ ಸನ್ನೆ ಎಳೆದು ತೋಟಾ ಏರಿಸುವ ಈ ಕೋವಿ 70 ಲಕ್ಷಕ್ಕೂ ಹೆಚ್ಚು ತಯಾರಾಯಿತು. ದಟ್ಟ ಕಾಡಿನಲ್ಲಿ ನೂರು ಗಜದೊಳಗಿನ ಜಿಂಕೆಗೆ ಅದರ .30-30 ತೋಟಾ ಇವತ್ತಿಗೂ ಸಾಕು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನ್ಯಗಳು ಹೊರಹಾಕಿದ ಮೌಸರ್, ಲೀ-ಎನ್‌ಫೀಲ್ಡ್, ಸ್ಪ್ರಿಂಗ್‌ಫೀಲ್ಡ್‌ಗಳು ಅಂಚೆಯ ಮೂಲಕವೇ ಕಡಿಮೆ ಬೆಲೆಗೆ ಮನೆಬಾಗಿಲಿಗೆ ಬಂದವು. ಜನ ಅವುಗಳ ಉದ್ದ ಮರ ಕತ್ತರಿಸಿ, ನಳಿಗೆ ಮೊಟಕು ಮಾಡಿ, ದುರ್ಬೀನು ಕೂರಿಸಿ ಶಿಕಾರಿ ಕೋವಿ ಮಾಡಿಕೊಂಡರು. 1968ರ ಬಂದೂಕು ನಿಯಂತ್ರಣ ಕಾಯಿದೆ ರಾಜ್ಯದಿಂದ ರಾಜ್ಯಕ್ಕೆ ಹೀಗೆ ಅಂಚೆಯಲ್ಲಿ ಬಂದೂಕು ತರಿಸುವುದನ್ನು ನಿಲ್ಲಿಸಿತು.

ಅಗ್ಗ ಮಾಡಲು ಹೋಗಿ ಹೆಸರು ಕೆಡಿಸಿಕೊಂಡ ಕತೆಯೂ ಇದೆ. 1936ರಲ್ಲಿ ಬಂದ ವಿಂಚೆಸ್ಟರ್ 70 ಅನ್ನು ಅಮೆರಿಕನ್ನರು ತಲೆಯ ಮೇಲೆ ಹೊತ್ತು ಮೆರೆಸಿದ್ದರು. ಖರ್ಚು ಉಳಿಸಲು ಕಂಪನಿ 1964ರಲ್ಲಿ ಅದರ ಒಳಗಿನ ರಚನೆ ಬದಲಿಸಿತು, ಕೈಕೆಲಸ ಕಡಿಮೆ ಮಾಡಿತು. ಶಿಕಾರಿಗಳು ಅದನ್ನು ಇವತ್ತಿಗೂ ಮರೆತಿಲ್ಲ. 1964ಕ್ಕೆ ಮುಂಚಿನದು ಎಂದರೆ ಹಳೇ ಕೋವಿಗೂ ಹೆಚ್ಚಿನ ಬೆಲೆ. 2001ರಲ್ಲಿ ರೆಮಿಂಗ್ಟನ್ ತಂದ 710 ಮಾದರಿಯಲ್ಲಿ ಬೋಲ್ಟು, ಅಂದರೆ ತೋಟಾವನ್ನು ಒಳಕ್ಕೆ ತಳ್ಳಿ ಹಿಂದಿನಿಂದ ಮುಚ್ಚುವ ಉಕ್ಕಿನ ದಂಡ, ಜಾರುತ್ತಿದ್ದದ್ದು ಪ್ಲಾಸ್ಟಿಕ್ಕಿನ ಒಳಪದರದ ಮೇಲೆ. ಅದು ಕೆಲವೇ ವರ್ಷಗಳಲ್ಲಿ ಮಾರುಕಟ್ಟೆ ಬಿಟ್ಟಿತು.

ನನ್ನ ಮಟ್ಟಿಗೆ ಈ ಇತಿಹಾಸದ ನಿಜವಾದ ತಿರುವು ಒಂದು ನಟ್ಟು. 1958ರಲ್ಲಿ ಸ್ಯಾವೇಜ್ ಕಂಪನಿಗಾಗಿ ನಿಕೊಲಸ್ ಬ್ರೂಅರ್ ಎಂಬ ವಿನ್ಯಾಸಕಾರ 110 ಎಂಬ ಮಾದರಿ ರೂಪಿಸಿದರು. ಬೆಲೆ 109 ಡಾಲರ್ 95 ಸೆಂಟ್. ಯಾವ ರೈಫಲ್ಲಿನಲ್ಲೂ ತೋಟಾ ಕೂರುವ ಜಾಗದ ಆಳ ಇಂಚಿನ ಸಾವಿರದ ಕೆಲವೇ ಭಾಗಗಳ ಲೆಕ್ಕದಲ್ಲಿ ಸರಿಯಿರಬೇಕು. ಹೆಚ್ಚಾದರೆ ತೋಟಾದ ಹಿತ್ತಾಳೆ ಸೀಳಿ ಬಿಸಿ ಅನಿಲ ಈಡುಗಾರನ ಮುಖದ ಕಡೆ ನುಗ್ಗಬಹುದು. ಕಡಿಮೆಯಾದರೆ ಬೋಲ್ಟು ಮುಚ್ಚುವುದೇ ಇಲ್ಲ. ಹಿಂದೆಲ್ಲ ನುರಿತ ಕೆಲಸಗಾರ ಪ್ರತಿಯೊಂದು ನಳಿಗೆಯನ್ನೂ ಅದು ಸೇರುವ ಕೋವಿಗೆ ತಕ್ಕಂತೆ ಕಡೆದು, ಕೂರಿಸಿ ನೋಡಿ, ಬಿಚ್ಚಿ, ಮತ್ತೆ ಕಡೆಯಬೇಕಿತ್ತು. ಬ್ರೂಅರ್ ನಳಿಗೆಯ ಹಿಂಭಾಗಕ್ಕೆ ಉದ್ದಕ್ಕೂ ತಿರುಪಿನ ಸುತ್ತು ಕೊಟ್ಟು ಅದರ ಮೇಲೆ ದೊಡ್ಡದೊಂದು ನಟ್ಟು ಹಾಕಿದರು. ತೋಟಾದ ಆಕಾರದ ಉಕ್ಕಿನ ಅಳತೆಗಟ್ಟಿ ಒಳಗಿಟ್ಟು ಬೋಲ್ಟು ಮುಚ್ಚುವುದು, ಗಟ್ಟಿ ತಾಗುವವರೆಗೆ ನಳಿಗೆ ತಿರುಗಿಸುವುದು, ಅಲ್ಲಿಗೆ ನಟ್ಟು ಬಿಗಿಯುವುದು. ಕೆಲಸ ಮುಗಿಯಿತು. ಬೋಲ್ಟಿನ ತಲೆಯನ್ನೂ ಬೇರೆ ತುಂಡಾಗಿ ಮಾಡಿ ಕೂದಲೆಳೆಯಷ್ಟು ಅಲುಗಾಡಲು ಬಿಟ್ಟದ್ದರಿಂದ ಅದನ್ನು ಕೋವಿಗೆ ಬೀಗದಂತೆ ಹಿಡಿಸುವ ಎರಡು ಕಿವಿಗಳೂ ಸಮನಾಗಿ ಭಾರ ಹೊತ್ತವು. ಅಗ್ಗಕ್ಕೆಂದು ಮಾಡಿದ ಉಪಾಯದಿಂದ ಗುರಿಯೂ ಬಿಗಿಯಾಯಿತು.

ಆ ನಟ್ಟು ಹೊರಗೇ ಕಾಣುತ್ತಿತ್ತು. ನೋಡಲು ಚೆನ್ನಾಗಿಲ್ಲ ಎಂದು ಮೂಗು ಮುರಿದವರು ಬಹಳ. ಆದರೆ 1988ರಲ್ಲಿ ಸ್ಯಾವೇಜ್ ದಿವಾಳಿ ಅರ್ಜಿ ಹಾಕಿದಾಗ ಕಂಪನಿಯನ್ನು ವಹಿಸಿಕೊಂಡ ರಾನ್ ಕೋಬರ್ನ್ ಉಳಿದ ಮಾದರಿಗಳನ್ನೆಲ್ಲ ಕೈಬಿಟ್ಟು 110 ಒಂದನ್ನೇ ನೆಚ್ಚಿಕೊಂಡು ಕಂಪನಿ ಉಳಿಸಿದರು. ಅಗ್ಗದ ಕೋವಿಗಳ ದೊಡ್ಡ ಕೊರತೆ ಬಿಗಿಯಾದ, ಗರಗರ ಎನ್ನುವ ಟ್ರಿಗರ್. ಅದಕ್ಕೂ ಸ್ಯಾವೇಜ್ 2002ರಲ್ಲಿ ಅಕ್ಯೂಟ್ರಿಗರ್ ಎಂಬ ಉತ್ತರ ತಂದಿತು: ಕೊಂಡವನೇ ಬಿಗಿ ಹೊಂದಿಸಿಕೊಳ್ಳಬಹುದು, ಕೋವಿ ಕೆಳಗೆ ಬಿದ್ದರೂ ಗುಂಡು ತಾನಾಗಿ ಹಾರುವುದಿಲ್ಲ. ಉಳಿದ ಕಂಪನಿಗಳೂ ಅಗ್ಗದ ಮಾದರಿಗಳಲ್ಲಿ ಒಳ್ಳೆಯ ಟ್ರಿಗರ್ ಕೊಡಲೇಬೇಕಾಯಿತು. 2012ರ ಹೊತ್ತಿಗೆ ರೂಗರ್ ಕಂಪನಿಯ ಅಮೆರಿಕನ್ ಎಂಬ ಮಾದರಿ ಬಂತು. ಮುದ್ರಿತ ಬೆಲೆ ಸುಮಾರು 450 ಡಾಲರ್. ಅಂಗಡಿಗಳಲ್ಲಿ ಅದಕ್ಕೂ ಕಡಿಮೆಗೆ ಸಿಗುತ್ತಿತ್ತು. ತಣ್ಣನೆಯ ಉಕ್ಕನ್ನು ಸುತ್ತಲೂ ಬಡಿದು ಮಾಡಿದ ನಳಿಗೆ, ಪ್ಲಾಸ್ಟಿಕ್ ಹಿಡಿಯೊಳಗೆ ಕೋವಿಯ ಮೈ ಗಟ್ಟಿಯಾಗಿ ಕೂರಲು ಉಕ್ಕಿನ ಅಚ್ಚುಗಳು. ಸ್ಯಾವೇಜ್‌ನ ಆ್ಯಕ್ಸಿಸ್, 2015ರಲ್ಲಿ ಬಂದ ಮಾಸ್‌ಬರ್ಗ್ ಪೇಟ್ರಿಯಟ್ ಇದೇ ಸಾಲಿನವು. ಈಚೆಗೆ ಬೆಲೆಗಳು ಏರಿವೆ. 400ರಿಂದ 600 ಡಾಲರ್ ಎಂದುಕೊಂಡು ಹೊರಟರೆ ಸರಿ. ಇನ್ನೊಂದಿಷ್ಟು ಕೂಡಿಸಿದರೆ ಫಿನ್‌ಲ್ಯಾಂಡಿನ ಟಿಕ್ಕಾ ಸಿಗುತ್ತದೆ. ಅದರ ಬೋಲ್ಟು ಎಣ್ಣೆ ಹಚ್ಚಿದಂತೆ ಜಾರುತ್ತದೆ. ಆ ಸುಖಕ್ಕೆ ಹೆಚ್ಚು ಹಣ ಕೊಡುವುದು ತಪ್ಪೇನಲ್ಲ, ಆದರೆ ಜಿಂಕೆಗೆ ಅದರಿಂದ ಯಾವ ವ್ಯತ್ಯಾಸವೂ ಇಲ್ಲ.

ಯಾಕೆಂದರೆ ಬಿಳಿಬಾಲದ ಜಿಂಕೆಯ ಹೃದಯ, ಶ್ವಾಸಕೋಶಗಳಿರುವ ಜಾಗ ಸುಮಾರು ಎಂಟು ಇಂಚು ಅಗಲ. ಇಂದಿನ ಅಗ್ಗದ ರೈಫಲ್ಲು ನೂರು ಗಜದಲ್ಲಿ ಮೂರು ಗುಂಡುಗಳನ್ನು ಒಂದೂವರೆ ಇಂಚಿನೊಳಗೆ ಕೂರಿಸುತ್ತದೆ. ಹಲವು ಒಂದು ಇಂಚಿನೊಳಗೂ ಕೂರಿಸುತ್ತವೆ. ಎರಡು ಸಾವಿರ ಡಾಲರಿನ ಕೋವಿ ಅರ್ಧ ಇಂಚಿಗೆ ಇಳಿಸಬಹುದು. ಎಂಟು ಇಂಚಿನ ಗುರಿಯ ಮುಂದೆ ಆ ಒಂದು ಇಂಚಿನ ಲಾಭ ಯಾರ ಹೊಟ್ಟೆಗೂ ಸಾಲದು. ಗಾಯಗೊಂಡ ಜಿಂಕೆ ರಾತ್ರಿಯೆಲ್ಲ ಓಡಿ ಎಲ್ಲೋ ಬಿದ್ದು ಸಾಯುವುದಕ್ಕೆ ಕೋವಿಯ ಬೆಲೆಗಿಂತ ಹಿಡಿದವನ ಭುಜವೇ ಹೆಚ್ಚು ಕಾರಣ.

ಆದ್ದರಿಂದ ಕೊಳ್ಳುವವನು ಕಂಪನಿಯ ಹೆಸರಿಗೂ ಮೊದಲು ತೋಟಾ ಯಾವುದೆಂದು ನಿರ್ಧರಿಸಬೇಕು ಎನ್ನುತ್ತೇನೆ. ಹೊಸಬರು ದೊಡ್ಡ ತೋಟಾಕ್ಕೆ ಆಸೆಪಡುತ್ತಾರೆ. 1906ರಿಂದ ಚಾಲ್ತಿಯಲ್ಲಿರುವ .30-06 ಅಮೆರಿಕದ ಯಾವ ಜಿಂಕೆಗೂ, ಕಡವೆಯಷ್ಟು ದೊಡ್ಡ ಎಲ್ಕ್‌ಗೂ ಸಾಕು ನಿಜ. ಆದರೆ ಹಗುರ ಕೋವಿಯಲ್ಲಿ ಅದರ ಒದೆತ ಜೋರು. 1955ರ .243 ವಿಂಚೆಸ್ಟರ್ ಒದೆಯುವುದು ಅದರ ಅರ್ಧದಷ್ಟು. 2007ರ 6.5 ಕ್ರೀಡ್‌ಮೋರ್ ನಡುವಿನದು. 1952ರ .308 ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಮಧ್ಯಪಶ್ಚಿಮದ ಕೆಲವು ರಾಜ್ಯಗಳಲ್ಲಿ ಬಯಲು ಸೀಮೆಯ ಬೇಟೆಗೆ ರೈಫಲ್ಲಿನಲ್ಲಿ ನೇರ ಗೋಡೆಯ, ಅಂದರೆ ಕುತ್ತಿಗೆ ಕಿರಿದಾಗದ, ತೋಟಾ ಮಾತ್ರ ಬಳಸಬೇಕೆಂಬ ನಿಯಮವಿದೆ, ಅಲ್ಲಿಯವರಿಗೆಂದೇ 2019ರಲ್ಲಿ .350 ಲೆಜೆಂಡ್ ಬಂತು. ಈ ನಿಯಮ ನೋಡದೆ ಕೋವಿ ಕೊಂಡವರು ಎರಡನೆಯದಕ್ಕೂ ದುಡ್ಡು ಹಾಕಬೇಕಾಗುತ್ತದೆ.

ಒದೆತ ಎಂಥ ಕೆಲಸ ಮಾಡುತ್ತದೆ ಎಂಬುದನ್ನು ಗುರಿ ಮೈದಾನದಲ್ಲಿ ನೋಡಬೇಕು. ಜೊತೆಗಿದ್ದವರು ಈಡುಗಾರನಿಗೆ ತಿಳಿಯದಂತೆ ಮದ್ದಿಲ್ಲದ ಸುಳ್ಳು ತೋಟಾ ಒಂದನ್ನು ನಡುವೆ ಸೇರಿಸಿ ಕೊಡುತ್ತಾರೆ. ಅವನು ಉಸಿರು ಬಿಗಿಹಿಡಿದು ಟ್ರಿಗರ್ ಎಳೆಯುತ್ತಾನೆ. ಟಕ್ ಎಂಬ ಸಣ್ಣ ಸದ್ದು ಮಾತ್ರ. ಆದರೆ ನಳಿಗೆಯ ಮೂತಿ ಒಂದು ಗೇಣು ಕೆಳಗೆ ಹೋಗಿರುತ್ತದೆ, ಕಣ್ಣು ಮುಚ್ಚಿರುತ್ತದೆ, ಭುಜ ಮುದುಡಿರುತ್ತದೆ. ಸದ್ದು, ಹೊಗೆ, ಒದೆತಗಳ ಮರೆಯಲ್ಲಿ ಇಷ್ಟು ದಿನ ಕಾಣದಿದ್ದದ್ದು ಆಗ ಅವನಿಗೇ ಕಾಣುತ್ತದೆ. ದೊಡ್ಡ ತೋಟಾಗಳಿಂದ ಅಭ್ಯಾಸ ಶುರುಮಾಡಿದವರಲ್ಲಿ ಈ ಬೆಚ್ಚು ಬೇರೂರಿಬಿಡುತ್ತದೆ.

ಕೋವಿ ಮೈಗೆ ಹೊಂದುವುದೂ ಅಷ್ಟೇ ಮುಖ್ಯ, ಅಂಗಡಿಯವರು ಅಷ್ಟಾಗಿ ಹೇಳದ ವಿಷಯವೂ ಹೌದು. ಟ್ರಿಗರಿನಿಂದ ಹಿಡಿಯ ತುದಿಯವರೆಗಿನ ಉದ್ದ ಸಾಮಾನ್ಯವಾಗಿ ಹದಿಮೂರೂವರೆ ಇಂಚಿನ ಆಸುಪಾಸು, ಉದ್ದ ತೋಳಿನ ಗಂಡಸಿನ ಅಳತೆ. ಗಿಡ್ಡಗಿರುವವರು, ಬಹಳಷ್ಟು ಹೆಂಗಸರು ಹನ್ನೆರಡೂವರೆ ಇಂಚಿನ ಸಣ್ಣ ಹಿಡಿಯದನ್ನು ಕೇಳಿ ಪಡೆಯಬೇಕು. ಕಣ್ಣು ಮುಚ್ಚಿ ಕೋವಿಯನ್ನು ಭುಜಕ್ಕೇರಿಸಿ, ಆಮೇಲೆ ಕಣ್ಣು ತೆರೆದಾಗ ಕತ್ತು ಚಾಚದೆ ದುರ್ಬೀನಿನ ವೃತ್ತ ಪೂರ್ತಿ ಕಂಡರೆ ಅದು ನಿಮ್ಮ ಕೋವಿ.

ದುರ್ಬೀನಿನಲ್ಲಿ ಜಿಪುಣತನ ಬೇಡ. ಅಗ್ಗದ ರೈಫಲ್ಲುಗಳನ್ನು ಕಂಪನಿಯವರೇ ದುರ್ಬೀನು ಕಟ್ಟಿ ಒಂದೇ ಬೆಲೆಗೆ ಮಾರುವುದುಂಟು. ಅದರಲ್ಲಿ ಕೋವಿ ಚೆನ್ನಾಗಿರುತ್ತದೆ, ದುರ್ಬೀನು ಸಾಧಾರಣ. ಜಿಂಕೆ ಹೊರಬರುವುದು ಬೆಳಕು ಮಂದವಾಗಿರುವಾಗ. ಮಸುಕು ಗಾಜಿನಲ್ಲಿ ಕೊಂಬೆ ಯಾವುದು, ಕೊಂಬು ಯಾವುದು ತಿಳಿಯುವುದಿಲ್ಲ, ಆ ಜಿಂಕೆಯ ಹಿಂದೆ ಏನಿದೆ ಎಂಬುದು ಇನ್ನೂ ತಿಳಿಯುವುದಿಲ್ಲ. ಮೂರರಿಂದ ಒಂಬತ್ತು ಪಟ್ಟು ಹಿಗ್ಗಿಸುವ, 40 ಮಿಲಿಮೀಟರ್ ಗಾಜಿನ ಸಾದಾ ದುರ್ಬೀನು 200 ಡಾಲರಿಗೆ ಒಳ್ಳೆಯದೇ ಸಿಗುತ್ತದೆ. ಅದನ್ನು ಕೋವಿಗೆ ಕಟ್ಟುವ ಉಂಗುರ, ತಿರುಪುಗಳೂ ಗಟ್ಟಿಯಿರಲಿ. ಗುರಿ ತಪ್ಪಿತೆಂದು ಮಾರಿದ ಎಷ್ಟೋ ಕೋವಿಗಳಲ್ಲಿ ಸಡಿಲವಾಗಿದ್ದದ್ದು ಒಂದು ತಿರುಪು ಮಾತ್ರ.

ಅದಕ್ಕೇ ಹಳೆಯ ಕೋವಿ ಕೊಳ್ಳುವುದೂ ಜಾಣತನವೇ. ವರ್ಷಕ್ಕೆ ಐದಾರು ಗುಂಡು ಹಾರಿಸಿ ಬೀರುವಿನಲ್ಲಿಟ್ಟ ರೈಫಲ್ಲುಗಳು ಅಮೆರಿಕದ ಮನೆಗಳಲ್ಲಿ ಲೆಕ್ಕವಿಲ್ಲದಷ್ಟಿವೆ. ಕೋವಿ ಖಾಲಿಯೆಂದು ಖಚಿತಪಡಿಸಿಕೊಂಡು, ಬೋಲ್ಟು ಹೊರತೆಗೆದು, ಹಿಂದಿನಿಂದ ಬೆಳಕು ಬಿಟ್ಟು ನಳಿಗೆಯೊಳಗೆ ನೋಡಿ: ಸುರುಳಿ ಗೆರೆಗಳು ಚೂಪಾಗಿರಬೇಕು, ಕಪ್ಪು ಕುಳಿಗಳಿರಬಾರದು. ಮೂತಿಯ ಅಂಚಿನಲ್ಲಿ ನೆಗ್ಗು ಬಿದ್ದಿದ್ದರೆ ಗುಂಡು ಹೊರಡುವಾಗಲೇ ಓಲುತ್ತದೆ. ತಿರುಪುಗಳ ತಲೆ ಕಿತ್ತುಹೋಗಿದ್ದರೆ ಯಾರೋ ಅನುಭವವಿಲ್ಲದವರು ಬಿಚ್ಚಿದ್ದಾರೆ. ನಳಿಗೆ ಮತ್ತು ಮರದ ನಡುವೆ ಡಾಲರ್ ನೋಟೊಂದನ್ನು ತೂರಿಸಿ ಹಿಂದಕ್ಕೆಳೆಯಿರಿ; ತಡೆಯಿಲ್ಲದೆ ಜಾರಿದರೆ ನಳಿಗೆ ಮುಕ್ತವಾಗಿ ನಿಂತಿದೆ ಎಂದರ್ಥ. ಅಗ್ಗದ ಪ್ಲಾಸ್ಟಿಕ್ ಹಿಡಿಗಳಲ್ಲಿ ಈ ಪರೀಕ್ಷೆಯನ್ನು ಮುಂಭಾಗ ಅದುಮಿ ಹಿಡಿದು ಇನ್ನೊಮ್ಮೆ ಮಾಡಬೇಕು, ಏಕೆಂದರೆ ಭಾರ ಬಿದ್ದಾಗ ಅವು ಬಾಗಿ ನಳಿಗೆಗೆ ತಾಗುತ್ತವೆ.

ಹೊಸ ಕೋವಿಯ ಬೆಲೆಯಲ್ಲಿ ಕಾಡಿನ ಪಾಲೂ ಸೇರಿದೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆಯಂತೆ ರೈಫಲ್ಲು, ತೋಟಾಗಳ ಮೇಲೆ ತಯಾರಕರಿಂದ ವಸೂಲಾಗುವ ಶೇ 11ರ ತೆರಿಗೆ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹೋಗುತ್ತದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಲ್ಲಿ ಬಿಳಿಬಾಲದ ಜಿಂಕೆ ಅಂದಾಜು ಐದು ಲಕ್ಷಕ್ಕಿಳಿದಿತ್ತು. ಇಂದು ಮೂರು ಕೋಟಿಯ ಆಸುಪಾಸು. ನಮ್ಮಲ್ಲಿ ದಾರಿ ಬೇರೆಯಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಮುಂದೆ ಅದಕ್ಕಾದ ತಿದ್ದುಪಡಿಗಳು ಶಿಕಾರಿಯನ್ನೇ ಬಹುತೇಕ ನಿಲ್ಲಿಸಿದವು. ನಮ್ಮ ಕಾಡುಗಳ ಸ್ಥಿತಿಗೆ ಅದೇ ಸರಿ ಎಂದು ನಾನು ದೃಢವಾಗಿ ನಂಬಿದ್ದೇನೆ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಪೂಜೆ ಮಾಡಿ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ; ಆ ನೈಪುಣ್ಯ ಪ್ರಾಣಿಯಿಲ್ಲದೆಯೂ ಉಳಿದಿದೆ.

ಅಮೆರಿಕದಲ್ಲಿರುವ ಕನ್ನಡಿಗರು ಕಾನೂನಿನ ಒಂದು ಮಾತು ತಿಳಿದಿರಬೇಕು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದನ್ನು ಅಲ್ಲಿನ ಫೆಡರಲ್ ಕಾನೂನು ನಿಷೇಧಿಸುತ್ತದೆ. ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿಯಿದೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಪರವಾನಗಿಯ ಅವಧಿ ಮುಗಿದರೆ ವಿನಾಯಿತಿಯೂ ಮುಗಿಯಿತು, ಮನೆಯಲ್ಲಿರುವ ಕೋವಿಯೇ ಅಪರಾಧವಾಗುತ್ತದೆ. ಅಂಗಡಿಯಲ್ಲಿ ತುಂಬುವ 4473 ನಮೂನೆಯಲ್ಲಿ ಸುಳ್ಳು ಬರೆಯುವುದು ಗಂಭೀರ ಅಪರಾಧ. ರಾಜ್ಯಗಳ ನಿಯಮ ಇದರ ಮೇಲೆ ಬೇರೆ. ಪರವಾನಗಿಗೆ ಬೇಕಾದ ಬೇಟೆ ಸುರಕ್ಷತಾ ತರಬೇತಿಯನ್ನು ಮಾತ್ರ ಶಿಕಾರಿಗೆ ಹೋಗದವರೂ ಮಾಡಬಹುದು, ಅಷ್ಟು ಒಳ್ಳೆಯ ಪಾಠ ಅದು.

ಒಟ್ಟು ಸಾವಿರ ಡಾಲರ್ ಕೈಯಲ್ಲಿದ್ದರೆ ನಾನು ಹಂಚುವುದು ಹೀಗೆ: ಕೋವಿಗೆ 450, ದುರ್ಬೀನು ಮತ್ತು ಉಂಗುರಗಳಿಗೆ 250, ಉಳಿದ 300 ಪೂರ್ತಿ ತೋಟಾಗಳಿಗೆ. ಕೊಳ್ಳುವುದು ಋತು ಮುಗಿದ ಮೇಲೆ, ಅಂಗಡಿಗಳಲ್ಲಿ ಉಳಿದದ್ದನ್ನು ಖಾಲಿ ಮಾಡುವ ಜನವರಿಯಲ್ಲಿ. ಮೇಜಿನ ಮೇಲೆ ಮರಳುಚೀಲವಿಟ್ಟು ನೂರು ಗಜಕ್ಕೆ ಗುರಿ ಹೊಂದಿಸಿದ ಮೇಲೆ ಆ ಮೇಜಿನ ಹತ್ತಿರ ಮತ್ತೆ ಹೋಗಬಾರದು. ಮಂಡಿಯೂರಿ, ನೆಲದಲ್ಲಿ ಕೂತು, ಮರಕ್ಕೊರಗಿ, ದಪ್ಪ ಜಾಕೆಟ್ಟು ಮತ್ತು ಕೈಗವಸು ಹಾಕಿಕೊಂಡು ಹೊಡೆಯಬೇಕು. ನಡುನಡುವೆ ಕೆಲವೇ ಸೆಂಟ್ ಬೆಲೆಯ .22 ತೋಟಾದ ಸಣ್ಣ ರೈಫಲ್ಲಿನಲ್ಲಿ ಕೈ ಪಳಗಿಸಿಕೊಳ್ಳಬಹುದು. ಎಂಟು ಇಂಚಿನ ಊಟದ ಕಾಗದದ ತಟ್ಟೆಯನ್ನು ದೂರ ದೂರಕ್ಕೆ ಸರಿಸುತ್ತಾ ಹೋಗಿ, ಹತ್ತಕ್ಕೆ ಹತ್ತೂ ಅದರೊಳಗೆ ಬೀಳುವುದು ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಗಜ ಎಣಿಸಿ ಬರೆದಿಟ್ಟುಕೊಳ್ಳಬೇಕು. ನವೆಂಬರಿನಲ್ಲಿ ಅದಕ್ಕಿಂತ ಒಂದು ಗಜ ಆಚೆ ನಿಂತ ಜಿಂಕೆಗೂ ಕೋವಿ ಎತ್ತಬಾರದು.